ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ, ನಡುವೆ ಒಂದೇ ರಾತ್ರಿ

ಲಕ್ಷದ್ವೀಪ, ಅಂಡಮಾನ್ ಎರಡನ್ನೂ ಒಂದೇ ಟೂರಿನಲ್ಲಿ ಮಾಡಿಸುತ್ತೇನೆ ಅಂದಾಗ ನಮ್ಮ ಲೈನಿನವರೇ ನಕ್ಕಿದ್ದರು. "ಮೂರು ದಿನ ಏರ್‌ಪೋರ್ಟಲ್ಲೇ ಕಳೀತೀಯ ಮಾರಾಯ" ಅಂದರು. ಕಳೆದ ಸೀಸನ್ನಿನಲ್ಲಿ ಮಧ್ಯಾಹ್ನ ಲಕ್ಷದ್ವೀಪದ ಅಗತ್ತಿಯಲ್ಲಿ ವಿಮಾನ ಹತ್ತಿದ ಗುಂಪು ಮರುದಿನ ಬೆಳಗಿನ ತಿಂಡಿಯನ್ನು ಪೋರ್ಟ್ ಬ್ಲೇರಿನಲ್ಲಿ (ಈಗಿನ ಹೆಸರು ಶ್ರೀ ವಿಜಯ ಪುರಂ) ತಿಂದಿತು. ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ.

ನೇರ ಗೆರೆ ಎಳೆದರೆ ಸುಮಾರು 2,240 ಕಿ.ಮೀ. ಅಗತ್ತಿಯ ರನ್‌ವೇ ಬರೀ 1,200 ಮೀಟರ್ ಚಿಲ್ಲರೆ. ಅಲ್ಲಿಗೆ ಬರುವ, ಪ್ರೊಪೆಲ್ಲರಿನ ಸಣ್ಣ ವಿಮಾನವಾದ ಎಟಿಆರ್‌ಗೆ ಅಷ್ಟು ದೂರ ಒಂದೇ ಉಸಿರಿಗೆ ಹಾರಲು ಆಗಲ್ಲ. ಸರಿ, ಬೆಂಗಳೂರು ಮೇಲೆ ಹೋದರೆ? 660, ಆಮೇಲೆ 1,640. ಒಟ್ಟು 2,300. ಅರವತ್ತು ಕಿ.ಮೀ. ಸುತ್ತು, ಅಷ್ಟೇ! ಕೊಚ್ಚಿ, ಚೆನ್ನೈ ಸುತ್ತಿದರೂ 2,360ರ ಹತ್ತಿರ. ತಲೆನೋವು ದೂರದ್ದಲ್ಲ, ಟೈಮಿಂಗಿನದು.

ಟೈಮಿಗೆ ನನ್ನದೊಂದು ಒರಟು ಲೆಕ್ಕ ಇದೆ. ಎಟಿಆರ್ ಆದರೆ ದೂರವನ್ನು 450ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುತ್ತೇನೆ. ಜೆಟ್ ಆದರೆ 780. ಅಗತ್ತಿ–ಬೆಂಗಳೂರು ಎರಡು ಗಂಟೆ, ಮುಂದಿನದು ಎರಡೂವರೆ ದಾಟುತ್ತದೆ. ಟಿಕೆಟ್ ಮೇಲಿನ ಟೈಮಿಗೂ ಇದಕ್ಕೂ ಹತ್ತು ನಿಮಿಷ ಆಚೀಚೆ. ಮಳೆಗಾಲದಲ್ಲಿ ಮೇಲೆ ಪೂರ್ವದಿಂದ ಗಾಳಿ ಬೀಸುತ್ತದೆ, ಅಂಡಮಾನಿಗೆ ಹೋಗುವಾಗ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಮೊದಲು ಕೊಚ್ಚಿ–ಚೆನ್ನೈ ದಾರಿಯಲ್ಲೇ ಕೈ ಸುಟ್ಟುಕೊಂಡೆ. ಹವಾಮಾನ ಕೆಟ್ಟು ಅಗತ್ತಿಯ ವಿಮಾನ ರದ್ದಾಯಿತು. ಮುಂದಿನ ಟಿಕೆಟ್‌ಗಳು ಬೇರೆ ಪಿಎನ್‌ಆರ್, ಅಂದರೆ ಬೇರೆ ಬುಕಿಂಗ್, ನಮ್ಮ ಜವಾಬ್ದಾರಿಯಲ್ಲ ಅಂತ ಏರ್‌ಲೈನಿನವರು ಅಂದುಬಿಟ್ಟರು. ಹೋಟೆಲ್ ಸೇರಿ ಎಪ್ಪತ್ತು ಸಾವಿರದ ಮೇಲೇ ಹೋಯಿತು. ಇನ್ನೊಮ್ಮೆ ಎರಡು ಗಂಟೆ ತಡ. ಚೆನ್ನೈ ವಿಮಾನ ಕಣ್ಣೆದುರೇ ಹೋಯಿತು.

2024ರ ಮಾರ್ಚ್ ಕೊನೆಗೆ ಇಂಡಿಗೋ ಬೆಂಗಳೂರು–ಅಗತ್ತಿ ಶುರು ಮಾಡಿದಾಗ ಲೆಕ್ಕ ತಿರುಗಿತು. ಅಗತ್ತಿಯಿಂದ ಮಧ್ಯಾಹ್ನ ಬಂದು, ರಾತ್ರಿ ದೇವನಹಳ್ಳಿ ಕಡೆ ತಂಗಿ, ಬೆಳಗಿನ ಮೊದಲ ವಿಮಾನ. "ಒಂದು ರಾತ್ರಿ ದಂಡ ಅಲ್ವಾ?" ಅಂದವರಿದ್ದಾರೆ. ಆ ರಾತ್ರಿಯೇ ನನ್ನ ಇನ್ಶೂರೆನ್ಸ್. ಎಟಿಆರ್ ನಾಲ್ಕು ಗಂಟೆ ತಡವಾದರೂ ಬೆಳಗಿನ ಟಿಕೆಟ್ ಸಾಯುವುದಿಲ್ಲ. ರೂಮಿಗೆ ತಲೆಗೆ ಸಾವಿರದೈನೂರು ಹಾಕಿಕೊಳ್ಳಿ. ಅಂಡಮಾನಿನ ಬ್ಯಾಗನ್ನು ಅಗತ್ತಿಗೆ ಒಯ್ಯಬೇಡಿ, ಬೆಂಗಳೂರಲ್ಲೇ ಇಟ್ಟು ಹೋಗಿ, ಎಕ್ಸ್‌ಟ್ರಾ ಲಗೇಜಿನ ದುಡ್ಡು ಉಳಿಯುತ್ತದೆ. ಬೆಳಗಿನ ಟಿಕೆಟ್ ಯಾವ ದಿನ ಅಗ್ಗಕ್ಕೆ ಸಿಗುತ್ತದೆ ಅನ್ನುವುದನ್ನು ಮಾತ್ರ ಹೇಳಲ್ಲ. ನನ್ನ ಹೊಟ್ಟೆಪಾಡು ಅಲ್ಲೇ ಇರೋದು.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಎರಡೂ ಕಡೆ ಗಡಿಯಾರ ಒಂದೇ, ಆದರೆ ರೇಖಾಂಶದಲ್ಲಿ ಇಪ್ಪತ್ತು ಡಿಗ್ರಿ ಅಂತರ. ಅಂದರೆ ಸೂರ್ಯನ ಲೆಕ್ಕದಲ್ಲಿ ಸುಮಾರು 80 ನಿಮಿಷ. ಡಿಸೆಂಬರಿನಲ್ಲಿ ಅಗತ್ತಿಯ ಬೀಚಿನಲ್ಲಿ ಆರು ಗಂಟೆಗೂ ಮಕ್ಕಳು ನೀರಲ್ಲೇ ಇದ್ದರು. ಪೋರ್ಟ್ ಬ್ಲೇರಿನಲ್ಲಿ ಐದೂವರೆಗೇ ಕತ್ತಲು. ಅಲ್ಲಿನ ಸೈಟ್ ಸೀಯಿಂಗನ್ನು ಈಗ ಆರಕ್ಕೇ ಶುರು ಮಾಡಿಸುತ್ತೇನೆ. ಗುಂಪಿನವರು ಬೈಯುತ್ತಾರೆ, ಸಂಜೆ ಸುಮ್ಮನಾಗುತ್ತಾರೆ.

ಇನ್ನು ಪರ್ಮಿಟ್. ಲಕ್ಷದ್ವೀಪಕ್ಕೆ ಹೋಗಲು ಬೇಕಾದ ಅನುಮತಿ ಪತ್ರ ಕೈಗೆ ಬರುವವರೆಗೆ ನಾನು ಅಂಡಮಾನಿನ ಟಿಕೆಟ್ ಮುಟ್ಟುವುದೇ ಇಲ್ಲ. ಸೀಟು ದುಬಾರಿ ಆದರೂ ಪರವಾಗಿಲ್ಲ.