ಓಡುವ ಮಗನಿಗೆ ಬ್ಲೂ ಬ್ಯಾಡ್ಜ್: ನನ್ನ ಅನುಭವ

ಚೆನ್ನಾಗಿ ನಡೆಯುವ ಹುಡುಗನಿಗೆ ಬ್ಲೂ ಬ್ಯಾಡ್ಜ್, ಅಂದರೆ ಅಂಗವೈಕಲ್ಯ ಇರುವವರಿಗೆ ಕೊಡುವ ಪಾರ್ಕಿಂಗ್ ಪರವಾನಗಿ, ಸಿಗುವುದಿಲ್ಲ ಎಂದು ಇಲ್ಲಿ ಇಂಗ್ಲೆಂಡಿನಲ್ಲಿ ಪರಿಚಯದ ಪೋಷಕರೆಲ್ಲ ಹೇಳಿದ್ದರು. ಆಟಿಸಂ ಇರುವ ನನ್ನ ಮಗ ಕೈ ಕೊಸರಿಕೊಂಡು ಕಾರುಗಳ ನಡುವೆ ಓಡುವುದೇ ನಮ್ಮ ಅಪಾಯ ಎಂದು ನಾನು ಪಟ್ಟು ಹಿಡಿದೆ. ಬ್ಯಾಡ್ಜ್ ಬಂತು.

2019ರ ಆಗಸ್ಟ್ 30ರಿಂದ ಕಣ್ಣಿಗೆ ಕಾಣದ ಅಂಗವೈಕಲ್ಯವೂ ಬ್ಯಾಡ್ಜಿನ ನಿಯಮದೊಳಗೆ ಬಂದಿದೆ. ಅಂಗವೈಕಲ್ಯ ಇರುವ ಮಕ್ಕಳಿಗೆ ಸರ್ಕಾರ ಕೊಡುವ ಡಿಎಲ್‌ಎ ಭತ್ಯೆಯ ಮೊಬಿಲಿಟಿ (ಓಡಾಟದ) ಭಾಗದಲ್ಲಿ ಮೇಲಿನ ದರ ಸಿಕ್ಕಿದ್ದರೆ ವಾದವೇ ಬೇಕಿರಲಿಲ್ಲ. ನಮಗೆ ಸಿಕ್ಕಿದ್ದು ಕೆಳಗಿನ ದರ, ಹಾಗಾಗಿ ತೀರ್ಮಾನ ಬ್ಯಾಡ್ಜ್ ಕೊಡುವ ಸ್ಥಳೀಯ ಕೌನ್ಸಿಲ್‌ನ ಕೈಯಲ್ಲಿತ್ತು. ಎಲ್ಲರ ಸಲಹೆಯಂತೆ ಆಟಿಸಂ ವರದಿಯ ದಪ್ಪ ಕಟ್ಟನ್ನೂ ಜಿಪಿ (ನಮ್ಮ ಕುಟುಂಬ ವೈದ್ಯರ) ಪತ್ರವನ್ನೂ ಕಳಿಸಿದೆವು. ಪತ್ರಕ್ಕೆ 40 ಪೌಂಡ್ ಆಸುಪಾಸು ಕೊಟ್ಟ ನೆನಪು. ಅರ್ಜಿ ತಿರಸ್ಕೃತವಾಯಿತು. ಬ್ಯಾಡ್ಜಿನ ಶುಲ್ಕ 10 ಪೌಂಡ್ ಅಷ್ಟೇ, ಹಣ ಕರಗುವುದು ಕಾಗದಪತ್ರಗಳಿಗೆ.

ಮಗುವಿಗೆ ಏನಿದೆ ಎಂಬುದನ್ನು ವರದಿ ಹೇಳುತ್ತದೆ. ಕಾರಿನ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ ಏನಾಗುತ್ತದೆ ಎಂಬುದು ಕೌನ್ಸಿಲ್‌ಗೆ ಬೇಕು. ಎರಡು ತಿಂಗಳಷ್ಟು ಡೈರಿ ಬರೆದೆ: ಯಾವ ಸದ್ದಿಗೆ ಬೆದರಿದ, ಯಾವ ದಿಕ್ಕಿಗೆ ಓಡಿದ, ಕರೆದರೆ ನಿಂತನೇ, ಹಿಡಿಯಲು ಎಷ್ಟು ಜನ ಬೇಕಾಯಿತು. ದಿನನಿತ್ಯದ ಕೆಲಸಗಳ ತೊಡಕುಗಳನ್ನು ಅಳೆದು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ಖಾಸಗಿಯಾಗಿ ಕರೆಸಿ ನಮ್ಮೊಂದಿಗೇ ಪಾರ್ಕಿಂಗ್‌ನಲ್ಲಿ ನಡೆಸಿದೆವು. ಹತ್ತಿರಹತ್ತಿರ 250 ಪೌಂಡ್ ಆಯಿತು. ಕಣ್ಣಾರೆ ಕಂಡು ಅವರು ಬರೆದ ಒಂದೇ ಪುಟ ಆ ದಪ್ಪ ಕಟ್ಟಿಗಿಂತ ಹೆಚ್ಚು ಕೆಲಸ ಮಾಡಿತು.

ಅಪಾಯ ತಪ್ಪಿಸಲು ನೀವು ಏನೇನು ಮಾಡುತ್ತೀರಿ ಎಂದು ಅರ್ಜಿಯಲ್ಲಿ ಕೇಳುತ್ತಾರಲ್ಲ, ಅಲ್ಲಿ ನನ್ನ ಪ್ರಯೋಗಗಳೆಲ್ಲ ಉಪಯೋಗಕ್ಕೆ ಬಂದವು. ಮಣಿಕಟ್ಟಿನ ಪಟ್ಟಿಯ ವೆಲ್ಕ್ರೋ ಬಿಚ್ಚುವುದನ್ನು ಅವನು ಬೇಗನೇ ಕಲಿತ. ಬೆನ್ನುಚೀಲದ ಹಗ್ಗ ಹಿಡಿದಿದ್ದ ನನ್ನ ಹೆಂಡತಿಯನ್ನು ಮಂಡಿಯೂರುವಂತೆ ಎಳೆದ. ಸುಮಾರು 200 ಪೌಂಡಿಗೆ ಕೊಂಡ ಸೆಕೆಂಡ್‌ಹ್ಯಾಂಡ್ ದೊಡ್ಡ ತಳ್ಳುಗಾಡಿ ವಿಮಾನ ನಿಲ್ದಾಣದಲ್ಲಿ ಬಹಳ ಚೆನ್ನಾಗಿದೆ, ಆದರೆ ಅದನ್ನು ಡಿಕ್ಕಿಯಿಂದ ಇಳಿಸುವಷ್ಟರಲ್ಲೇ ಅವನು ಓಡಿರುತ್ತಾನೆ. ಕಿವಿಗವಚ ಅಂಗಡಿಯೊಳಗೆ ವರ, ಹೊರಗೆ ಬಂದರೆ ಕಾರಿನ ಸದ್ದನ್ನೂ ಮುಚ್ಚುತ್ತದೆ. ಜನರಿಲ್ಲದ ಮುಂಜಾನೆ ಹೋಗಿ ನೋಡಿದೆ. ಖಾಲಿ ಜಾಗದಲ್ಲಿ ಕಾರುಗಳು ಇನ್ನೂ ಜೋರಾಗಿ ಬರುತ್ತವೆ. ಯಾವುದು ಎಷ್ಟು ಹೊತ್ತು ನಡೆಯಿತು, ಎಲ್ಲಿ ಕೈಕೊಟ್ಟಿತು ಎಂದು ಒಂದೊಂದನ್ನೂ ಬಿಡಿಸಿ ಬರೆದು ಮರುಪರಿಶೀಲನೆ ಕೇಳಿದೆವು. ಈ ಭಾಗವನ್ನು ನನ್ನಷ್ಟು ವಿವರವಾಗಿ ತುಂಬಿದವರನ್ನು ನಾನು ಕಂಡಿಲ್ಲ.

ಡೈರಿಯ ಯಾವ ಘಟನೆಗಳನ್ನು ಆರಿಸಿದೆವು, ಯಾವುದನ್ನು ಮೊದಲು ಇಟ್ಟೆವು ಎಂಬುದನ್ನು ಮಾತ್ರ ಹೇಳುವುದಿಲ್ಲ. ಒಂದೇ ಅಚ್ಚಿನ ಅರ್ಜಿಗಳು ಬರತೊಡಗಿದರೆ ನಿಜವಾದ ಮಕ್ಕಳಿಗೇ ಪೆಟ್ಟು.

ಈಗ ಬ್ಯಾಡ್ಜ್ ಇದ್ದವರಿಗೆ ಮೀಸಲಾದ ಅಗಲದ ಜಾಗದಲ್ಲಿ ಬಾಗಿಲು ಪೂರ್ತಿ ತೆರೆಯುತ್ತದೆ, ಅವನ ಕಾಲು ನೆಲ ಮುಟ್ಟುವ ಮೊದಲೇ ನಾನು ಎದುರಿಗಿರುತ್ತೇನೆ. ಬ್ಯಾಡ್ಜ್ ಅವನ ಹೆಸರಿನದು. ಅವನು ಪ್ರಯಾಣಿಸುವ ಯಾವ ಕಾರಿನಲ್ಲಾದರೂ ಇಡಬಹುದು, ಅವನಿಲ್ಲದ ಓಡಾಟಕ್ಕೆ ಬಳಸುವಂತಿಲ್ಲ. ಖಾಸಗಿ ಪಾರ್ಕಿಂಗ್‌ಗಳಿಗೆ ಅವುಗಳದೇ ನಿಯಮ, ಫಲಕ ಓದಿಯೇ ನಿಲ್ಲಿಸಿ.