ಕೆರೆಗೆ ಕೈ ಹಾಕುವ ಮುಂಚೆ ಹಕ್ಕಿ ಎಣಿಸಿ

ನಮ್ಮ ಏರಿಯಾದ ಕೆರೆಯಲ್ಲಿ ಒಂದು ಭಾನುವಾರ ನಲವತ್ತು ಜನ ಸೇರಿ ಅಂಚಿನ ಜೊಂಡೆಲ್ಲ ಕಿತ್ತು ಹಾಕಿದೆವು. ಗ್ಲೌಸು, ಟೀಶರ್ಟು, ಇಡ್ಲಿ-ವಡೆ ಎಲ್ಲ ಇತ್ತು. ಸಂಜೆಯ ಫೋಟೊದಲ್ಲಿ ಕೆರೆ ಬಹಳ ಚೆನ್ನಾಗಿ ಬಂತು. ಆಮೇಲೆ ಗೊತ್ತಾಯಿತು, ನೇರಳೆ ಜಂಬುಕೋಳಿ ಗೂಡು ಕಟ್ಟುವುದೇ ಆ ಜೊಂಡಿನಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರುವಾಯಿತು. ಒಬ್ಬರು ‘ಮುಂಚೆ ಐವತ್ತಿದ್ದವು’ ಎಂದರು. ಇನ್ನೊಬ್ಬರು ‘ನಾನಂತೂ ನಾಲ್ಕಕ್ಕಿಂತ ಜಾಸ್ತಿ ನೋಡಿಲ್ಲ’ ಎಂದರು. ಇಬ್ಬರ ಹತ್ತಿರವೂ ಬರೆದಿಟ್ಟ ಒಂದು ಚೀಟಿ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಹಾಗಾಗಿ ಈ ಲೇಖನ. ಕೆರೆಗೋ ಪಾರ್ಕಿಗೋ ಏನಾದರೂ ಒಳ್ಳೆಯದು ಮಾಡೋಣ ಅಂತ ಹೊರಟವರು ಮಾಡುವ ಕೆಲಸ ಹಕ್ಕಿಗಳಿಗೆ ಉಪಯೋಗ ಆಗುತ್ತಿದೆಯಾ ಇಲ್ಲವಾ ಅಂತ ಹೇಗೆ ತಿಳಿದುಕೊಳ್ಳಬೇಕು ಅನ್ನುವುದನ್ನು ಬರೆದಿದ್ದೇನೆ. ಇದಕ್ಕೆ ಡಿಗ್ರಿ ಬೇಡ. ಬೆಳಿಗ್ಗೆ ಬೇಗ ಏಳುವುದೊಂದೇ ಕಷ್ಟ.

ಪ್ರಶ್ನೆ ಬರೆದುಕೊಳ್ಳಿ

‘ಕೆರೆಯ ಜೀವವೈವಿಧ್ಯ ಹೆಚ್ಚಿಸುವುದು’ ಅನ್ನುವುದು ಬ್ಯಾನರಿನ ಮಾತು. ‘ಪೂರ್ವದ ಅಂಚಿನ ಕಳೆ ತೆಗೆದರೆ ಅಲ್ಲಿಗೆ ಗೊರವಗಳು ಜಾಸ್ತಿ ಬರುತ್ತವಾ?’ ಅಂತ ಕೇಳಿ (ಗೊರವ ಅಂದರೆ ಅಂಚಿನ ಕೆಸರಿನಲ್ಲಿ ಓಡಾಡಿ ಹುಳ ಹೆಕ್ಕುವ ಹಕ್ಕಿ). ಯಾವ ಜಾಗ, ಯಾವ ಕೆಲಸ, ಯಾವ ಹಕ್ಕಿ, ಮೂರೂ ಅದರಲ್ಲಿ ಇರಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಸಾಕು.

ಸಾಮಾನು

ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್ (ಪೆನ್ನು ಬೇಡ, ಇಬ್ಬನಿಗೆ ಅಕ್ಷರ ಹರಡುತ್ತದೆ), ಗಡಿಯಾರ, ಬೈನಾಕ್ಯುಲರ್. ಬೈನಾಕ್ಯುಲರ್ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು) ತೆಗೆದುಕೊಳ್ಳಿ, ಬೇರೆ ಯಾವುದೂ ಬೇಡ. ಆನ್‌ಲೈನಿನಲ್ಲಿ ‘ಸೂಪರ್ ಜೂಮ್’ ಅಂತ ಅಗ್ಗಕ್ಕೆ ಮಾರುವವುಗಳಲ್ಲಿ ಕೈ ಸ್ವಲ್ಪ ನಡುಗಿದರೂ ಇಡೀ ಕೆರೆ ಕುಣಿಯುತ್ತದೆ. ನನ್ನ ಮನೆಯಲ್ಲಿ ಅಂಥದ್ದೊಂದು ಇದೆ, ಮಕ್ಕಳು ಎದುರಿನ ಟೆರೇಸಿನ ಬೆಕ್ಕು ನೋಡುತ್ತಾರೆ.

ಎಣಿಸುವುದು

ಜನ ಕೆಡಿಸುವುದೇ ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಕೆರೆಯ ಸುತ್ತ ಒಂದು ಸಲ ನಡೆಯಿರಿ. ನೀರು ಚೆನ್ನಾಗಿ ಕಾಣುವ ನಾಲ್ಕೈದು ಜಾಗ ಗುರುತು ಮಾಡಿ. ಒಂದು ಜಾಗದಿಂದ ಕಂಡ ಹಕ್ಕಿ ಇನ್ನೊಂದರಿಂದಲೂ ಲೆಕ್ಕಕ್ಕೆ ಸಿಗುವಷ್ಟು ಹತ್ತಿರ ಇರಬಾರದು. ‘ಕೋಡಿ ಪಕ್ಕ’, ‘ಏರಿ ಮೇಲಿನ ಮೂರನೇ ಬೆಂಚು’, ‘ಹೊಂಗೆ ಮರದ ಕೆಳಗೆ’ ಅಂತ ಹೆಸರಿಡಿ. ಪ್ರತಿ ಜಾಗದಲ್ಲಿ ಸರಿಯಾಗಿ ಹತ್ತು ನಿಮಿಷ. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ಶುರು ಮಾಡಿ, ಪ್ರತಿ ಸಲ ಅದೇ ಕ್ರಮದಲ್ಲಿ ಹೋಗಿ. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಜೋರು ಮಳೆ ಇದ್ದರೆ ಮನೆಗೆ ಹೋಗಿ ಕಾಫಿ ಕುಡಿಯಿರಿ, ಮರುದಿನ ಬನ್ನಿ.

ಕಂಡದ್ದೆಲ್ಲ ಬರೆಯಬೇಕು. ಕಾಗೆ, ಪಾರಿವಾಳ, ಗೊರವಂಕ, ಎಲ್ಲ. ನಮ್ಮವರು ಹೆಜ್ಜಾರ್ಲೆ ಬಂದರೆ ಕುಣಿದಾಡಿ ಬರೆಯುತ್ತಾರೆ, ನಾಮದ ಕೋಳಿ ‘ಅದು ಯಾವಾಗಲೂ ಇರುತ್ತದಲ್ಲ’ ಅಂತ ಬಿಟ್ಟುಬಿಡುತ್ತಾರೆ. ನಾಳೆ ನಾಮದ ಕೋಳಿ ಕಡಿಮೆಯಾದರೆ ಹೇಗೆ ಗೊತ್ತಾಗಬೇಕು? ಹುಡುಕುತ್ತಿದ್ದ ಹಕ್ಕಿ ಕಾಣಲಿಲ್ಲ ಅಂದರೆ ಅದರ ಮುಂದೆ ಸೊನ್ನೆ ಹಾಕಿ. ಜಾಗ ಖಾಲಿ ಬಿಡಬೇಡಿ. ಖಾಲಿ ಜಾಗ ನೋಡಿದವರಿಗೆ ಹಕ್ಕಿ ಇರಲಿಲ್ಲವಾ, ನೀವು ನೋಡಲೇ ಇಲ್ಲವಾ ಅಂತ ತಿಳಿಯುವುದಿಲ್ಲ.

ದೊಡ್ಡ ಗುಂಪು ಬಂದಾಗ ‘ನೂರಾರು ನೀರುಕಾಗೆ’ ಅಂತ ಬರೆಯುವುದು ಸುಮ್ನೆ ದಂಡ. ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯಿತು ನೋಡಿಕೊಳ್ಳಿ. ಗುಂಪಿನಲ್ಲಿ ಅಂಥ ತುಂಡುಗಳು ಎಷ್ಟಿವೆ ಅಂತ ಲೆಕ್ಕ ಹಾಕಿ. ಎರಡು ಮೂರು ಭಾನುವಾರದಲ್ಲಿ ಕಣ್ಣು ಪಳಗುತ್ತದೆ. ಹದ್ದು ತಲೆ ಮೇಲೆ ಸುತ್ತುತ್ತಲೇ ಇರುತ್ತದೆ, ಕಂಡಾಗಲೆಲ್ಲ ಒಂದು ಸೇರಿಸಿದರೆ ಎರಡು ಹದ್ದು ಇಪ್ಪತ್ತಾಗುತ್ತದೆ. ಒಂದೇ ನೋಟದಲ್ಲಿ ಕಂಡ ಜಾಸ್ತಿ ಸಂಖ್ಯೆ ಎಷ್ಟೋ ಅಷ್ಟೇ ಬರೆಯಿರಿ. ಕೆರೆಗೆ ಇಳಿಯದೆ ಹಾರಿ ಹೋದವನ್ನು ಬೇರೆ ಸಾಲಿನಲ್ಲಿಡಿ.

ಗೊತ್ತಾಗದಿದ್ದರೆ ‘ಯಾವುದೋ ಗೊರವ, 3’ ಅಂತ ಬರೆಯಿರಿ, ನಾಚಿಕೆ ಬೇಡ. ಗೊರವಗಳನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ದನಿ ಕೇಳಿ ಹೆಸರು ಹೇಳುವ ಆ್ಯಪ್‌ಗಳು ಕಲಿಯಲು ಒಳ್ಳೆಯವೇ, ಆದರೆ ಆ್ಯಪ್ ಹೇಳಿತು ಅಂತ ಕಣ್ಣಿಗೆ ಕಾಣದ ಹಕ್ಕಿಯನ್ನು ಪಟ್ಟಿಗೆ ಸೇರಿಸಬೇಡಿ.

ಎಲ್ಲಕ್ಕಿಂತ ಜಾಸ್ತಿ ಕೆಡುವುದು ಇನ್ನೊಂದು ಕಡೆ. ಈ ಭಾನುವಾರ ಇಬ್ಬರು ಅರ್ಧ ಗಂಟೆ ಎಣಿಸಿರುತ್ತಾರೆ. ಮುಂದಿನ ತಿಂಗಳು ಹನ್ನೆರಡು ಜನ, ದೊಡ್ಡ ಕ್ಯಾಮೆರಾ, ಜೊತೆಗೊಬ್ಬ ಎಕ್ಸ್‌ಪರ್ಟ್, ಮೂರು ಗಂಟೆ. ಪಟ್ಟಿ ಉದ್ದವಾಗುತ್ತದೆ, ‘ನಮ್ಮ ಕೆಲಸದಿಂದ ಹಕ್ಕಿ ಜಾಸ್ತಿ ಆಯಿತು’ ಅಂತ ಪೋಸ್ಟ್ ಹಾಕುತ್ತಾರೆ. ಜಾಸ್ತಿ ಆಗಿದ್ದು ನೋಡುವ ಕಣ್ಣು ಅಷ್ಟೇ. ಎಷ್ಟು ಜನ, ಎಷ್ಟು ಹೊತ್ತು ಅನ್ನುವುದು ಪ್ರತಿ ಸಲವೂ ಒಂದೇ ಇರಲಿ. ಉಳಿದವರು ಬಂದರೆ ಬೇಡ ಅನ್ನಬೇಡಿ, ಎಣಿಕೆ ಮುಗಿದ ಮೇಲೆ ಸುತ್ತಾಡಲಿ.

ತಿಂಗಳಿಗೆ ಎರಡು ಸಲ, ಒಂದು ವರ್ಷ. ಹೌದು, ಕೆರೆಗೆ ಕೈ ಹಾಕುವ ಮುಂಚೆ ಪೂರ್ತಿ ಒಂದು ವರ್ಷ. ಜನ ಕೂಗಾಡುತ್ತಾರೆ, ಕೂಗಾಡಲಿ. ವಲಸೆ ಹಕ್ಕಿಗಳು ಸೆಪ್ಟೆಂಬರ್-ಅಕ್ಟೋಬರ್‌ಗೆ ಬಂದು ಮಾರ್ಚ್-ಏಪ್ರಿಲ್‌ಗೆ ಹೊರಡುತ್ತವೆ. ಜೂನ್ ಲೆಕ್ಕವನ್ನು ಜನವರಿ ಲೆಕ್ಕದ ಪಕ್ಕ ಇಟ್ಟರೆ ಯಾವ ಕೆರೆಯೂ ಉದ್ಧಾರವಾದ ಹಾಗೆ ಕಾಣುತ್ತದೆ. ಜನವರಿಯನ್ನು ಜನವರಿ ಜೊತೆಗೇ ಹೋಲಿಸಬೇಕು.

ಮನೆಗೆ ಬಂದ ಮೇಲೆ ಪಟ್ಟಿಯನ್ನು ಇ-ಬರ್ಡ್ ಅನ್ನುವ, ಹಕ್ಕಿ ಪಟ್ಟಿ ಸೇರಿಸಿಡುವ ಜಾಲತಾಣಕ್ಕೆ ಹಾಕಿ. 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಗುರುತಿಸಿದ ಹಕ್ಕಿಗಳನ್ನೆಲ್ಲ ಹಾಕಿದ್ದೀರಾ ಅಂತ ಅದು ಕೊನೆಗೆ ಕೇಳುತ್ತದೆ. ‘ಹೌದು’ ಅನ್ನುವ ಪಟ್ಟಿಯೇ ಕೆಲಸಕ್ಕೆ ಬರುವುದು. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ತಯಾರಾಗಿದ್ದು ಇಂಥ ಪಟ್ಟಿಗಳಿಂದ. ಹಕ್ಕಿ ನೋಡುವ 30,000ಕ್ಕೂ ಹೆಚ್ಚು ಜನರ ಲೆಕ್ಕ ಇಟ್ಟುಕೊಂಡು 942 ಜಾತಿಗಳನ್ನು ನೋಡಿ, 178 ಜಾತಿಗಳಿಗೆ ತುರ್ತಾಗಿ ಗಮನ ಕೊಡಬೇಕು ಎಂದರು. ನೋಟ್‌ಬುಕ್ ಮಾತ್ರ ಬಿಸಾಡಬೇಡಿ.

ಪಕ್ಕದ ಕೆರೆಯನ್ನೂ ಎಣಿಸಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡದಿದ್ದರೆ ಮೇಲಿನ ಶ್ರಮವೆಲ್ಲ ಅರ್ಧ ವ್ಯರ್ಥ.

2022ರಲ್ಲಿ ಬೆಂಗಳೂರಿನಲ್ಲಿ ಹೇಗೆ ಮಳೆ ಬಂತು ನೆನಪಿದೆ ಅಲ್ವಾ, ಲೇಔಟುಗಳಲ್ಲಿ ಟ್ರ್ಯಾಕ್ಟರ್ ಓಡಾಡಿತು. 2023ರಲ್ಲಿ ಮಳೆ ಕೈ ಕೊಟ್ಟಿತು, ಮರುವರ್ಷ ಬೇಸಿಗೆಯಲ್ಲಿ ಟ್ಯಾಂಕರಿಗೆ ಕ್ಯೂ. ಕೆರೆ ತುಂಬಿದಾಗ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕಗಳಿಗೆ ಅನುಕೂಲ. ನೀರು ಇಳಿದು ಕೆಸರು ಕಂಡಾಗ ಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ಹಬ್ಬ. ಈ ಎರಡು ವರ್ಷದ ನಡುವೆ ನೀವು ಕಳೆ ಕಿತ್ತಿದ್ದರೆ, ಗೊರವ ಜಾಸ್ತಿ ಆಗಿದ್ದು ನಿಮ್ಮಿಂದಲಾ, ಬರದಿಂದಲಾ? ನಿಮ್ಮ ಕೆರೆಯೊಂದನ್ನೇ ನೋಡಿದರೆ ಹೇಳಲು ಆಗುವುದಿಲ್ಲ.

ಅದಕ್ಕೇ ಹತ್ತಿರದಲ್ಲಿ ಸುಮಾರು ಅಷ್ಟೇ ದೊಡ್ಡ, ಸದ್ಯಕ್ಕೆ ಯಾರೂ ಏನೂ ಮಾಡದ ಇನ್ನೊಂದು ಕೆರೆ ಹುಡುಕಿ. ಅದೇ ವಾರ, ಅದೇ ರೀತಿ ಎಣಿಸಿ. ಎರಡೂ ಕಡೆ ಗೊರವ ಏರಿದ್ದರೆ ಅದು ಮಳೆಯ ಆಟ ಇರಬೇಕು. ನಿಮ್ಮಲ್ಲಿ ಮಾತ್ರ ಏರಿ ಅಲ್ಲಿ ಏರದಿದ್ದರೆ ನಿಮ್ಮ ಕೆಲಸಕ್ಕೆ ಸ್ವಲ್ಪ ಮರ್ಯಾದೆ ಕೊಡಬಹುದು.

ನೀರು

ಗುರುತು ಹಾಕಿದ ಬಿದಿರು ಕೋಲು ನೆಟ್ಟು ನೀರಿನ ಮಟ್ಟ ಬರೆದುಕೊಳ್ಳಿ. ನೀರಲ್ಲಿ ಕರಗಿದ ಆಮ್ಲಜನಕ ಅಳೆಸುವುದಾದರೆ ಬೆಳಗಿನ ಜಾವವೇ ಅಳೆಸಿ. ಮಧ್ಯಾಹ್ನ ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ, ಚರಂಡಿ ನೀರೂ ಪಾಸಾಗಿಬಿಡುತ್ತದೆ. ಮೀನು ಮತ್ತು ವನ್ಯಜೀವಿಗಳಿಗೆ ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಬಕೆಟಿನಲ್ಲಿ ಪುಡಿ ತಂದು ‘ಇದನ್ನು ಎರಚಿದರೆ ಕೆರೆ ಕ್ಲೀನ್’ ಅನ್ನುವವರು ಬರುತ್ತಾರೆ. ಒಳಗೆ ಬರುವ ಚರಂಡಿ ನಿಲ್ಲಿಸದೆ ಯಾವ ಪುಡಿಯೂ ಬೇಡ, ಗೇಟಿನಿಂದಲೇ ಕಳಿಸಿ.

ಬೇರೆಯವರು ಮಾಡಿ ನೋಡಿದ್ದಾರಾ?

ಕೇಂಬ್ರಿಡ್ಜಿನವರು ‘ಕನ್ಸರ್ವೇಷನ್ ಎವಿಡೆನ್ಸ್’ ಅಂತ ಒಂದು ಜಾಲತಾಣ ನಡೆಸುತ್ತಾರೆ. ಗೂಡಿನ ಪೆಟ್ಟಿಗೆ ಇಟ್ಟರೆ ಏನಾಯಿತು, ಕೃತಕ ದ್ವೀಪ ಮಾಡಿದರೆ ಏನಾಯಿತು ಅಂತ ಒಂದೊಂದು ಉಪಾಯದ ಕೆಳಗೂ ಪರೀಕ್ಷೆ ಮಾಡಿದವರ ಫಲಿತಾಂಶ ಇದೆ. ಬಹುಪಾಲು ಯುರೋಪ್, ಅಮೆರಿಕದ್ದು, ಹಾಗಾಗಿ ಕಣ್ಣು ಮುಚ್ಚಿ ತರಬೇಡಿ. ನಮ್ಮ ಕೆರೆಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯವರೂ ಏಟ್ರೀ ಅನ್ನುವ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯವರೂ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಂದು ಮೇಲ್ ಹಾಕಿ ಕೇಳಿ.

ಕೇಳದೆ ಮಾಡಿದ್ದಕ್ಕೆ ಉದಾಹರಣೆ ಸೊಳ್ಳೆಗೆ ಅಂತ ಬಿಡುವ ಗ್ಯಾಂಬೂಸಿಯಾ ಮೀನು. ಅಮೆರಿಕದಿಂದ ಬಂದ ಈ ಮೀನು ಸೊಳ್ಳೆ ಮರಿಗಳ ಜೊತೆ ನಮ್ಮ ಮೀನಿನ ಮೊಟ್ಟೆ, ಕಪ್ಪೆಯ ಮರಿಗಳನ್ನೂ ತಿನ್ನುತ್ತದೆ. ಇನ್ನೊಂದು, ಹೂಳು ತೆಗೆಯುವ ನೆಪದಲ್ಲಿ ಜೆಸಿಬಿ ಬಿಟ್ಟು ಕೆರೆಯನ್ನು ಬಟ್ಟಲಿನ ಹಾಗೆ ಕೊರೆಯುವುದು. ಅಂಚಿನಲ್ಲೇ ಆಳವಾದರೆ ಗೊರವ ಎಲ್ಲಿ ನಿಲ್ಲಬೇಕು? ಅದರ ಕಾಲು ಎಷ್ಟುದ್ದ ಅಂತ ಒಂದು ಸಲ ನೋಡಿ.

ಅರ್ಧ ಮಾತ್ರ ಮಾಡಿ

ಪಾಲಿಕೆಯ ಅನುಮತಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಜೊಂಡು ಮುಟ್ಟಬೇಡಿ, ಗೂಡು ಇರುತ್ತದೆ. ಉಳಿದ ಕಾಲದಲ್ಲೂ ಒಂದು ಕಡೆಯ ಅಂಚಿನಲ್ಲಿ ಕೆಲಸ ಮಾಡಿ, ಇನ್ನೊಂದು ಕಡೆ ಹಾಗೇ ಬಿಡಿ. ತಪ್ಪಾದರೆ ಅರ್ಧ ಉಳಿದಿರುತ್ತದೆ. ಆಮೇಲೆ ಮತ್ತೆ ಅದೇ ಜಾಗ, ಅದೇ ಹತ್ತು ನಿಮಿಷ, ಇನ್ನೊಂದು ವರ್ಷ.

ಫಲಿತಾಂಶ ಸೊನ್ನೆ ಬಂದರೆ ಅದನ್ನೂ ಗ್ರೂಪಿಗೆ ಹಾಕಬೇಕು. ನಮ್ಮಲ್ಲಿ ಒಬ್ಬರು ಕೈಯಿಂದ ದುಡ್ಡು ಹಾಕಿ ಮರಗಳಿಗೆ ಪ್ಲಾಸ್ಟಿಕ್ ಗೂಡಿನ ಪೆಟ್ಟಿಗೆ ಕಟ್ಟಿಸಿದ್ದರು. ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಪೆಟ್ಟಿಗೆ ಸಾಲಿನ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಅವರಿಗೆ ಪುಟ ತೋರಿಸುವಾಗ ನನಗೆ ಮುಜುಗರ ಆಯಿತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಸರಿ, ಇಳಿಸಿಬಿಡಿ’ ಎಂದರು. ಒಂದರಲ್ಲಿ ಕಣಜ ಗೂಡು ಕಟ್ಟಿತ್ತು, ಅದನ್ನು ಬಿಟ್ಟು ಉಳಿದವನ್ನು ಇಳಿಸಿದೆವು.