3.3 ವೋಲ್ಟ್ ಬೋರ್ಡಿನಿಂದ ಎಸ್‌ಎಸ್‌ಆರ್ ನಡೆಸುವುದು: ನಡುವೆ ಒಂದು ಟ್ರಾನ್ಸಿಸ್ಟರ್ ಇರಲಿ

ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ) ಎಂದರೆ ಹೀಟರಿನಂಥ ಹೊರೆಯನ್ನು ಚಿಕ್ಕ ಡಿಸಿ ಸಂಕೇತದಿಂದ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್. ಅದರ ಮೈಮೇಲೆ ‘3–32 ವೋಲ್ಟ್ ಡಿಸಿ’ ಎಂದಿರುತ್ತದೆ, ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಪಿನ್ 3.3 ವೋಲ್ಟ್ ಕೊಡುತ್ತದೆ. ನೇರವಾಗಿ ಜೋಡಿಸಿದರೆ ಎಷ್ಟೋ ಸಲ ಕೆಲಸವೂ ಮಾಡುತ್ತದೆ. ಆದರೆ 3.3 ಎನ್ನುವುದು ಪಿನ್ ಮೇಲೆ ಹೊರೆ ಇಲ್ಲದಾಗಿನ ಲೆಕ್ಕ; ಎಸ್‌ಎಸ್‌ಆರ್ ಹತ್ತು ಮಿಲಿಆಂಪ್ ಎಳೆಯತೊಡಗಿದರೆ ವೋಲ್ಟೇಜ್ ಕುಸಿದು 3ರ ಅಂಚಿಗೆ ಬರುತ್ತದೆ. ಆಗ ಎಸ್‌ಎಸ್‌ಆರ್‌ನ ಕೆಂಪು ದೀಪ ಮಂಕಾಗಿ ಹೊತ್ತಿರುತ್ತದೆ, ಹೀಟರ್ ಮಾತ್ರ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ಪ್ರೋಗ್ರಾಂ ತಪ್ಪಿರಬೇಕೆಂದು ಹುಡುಕುತ್ತಾ ಕೂರುವವರೇ ಹೆಚ್ಚು.

ಪರಿಹಾರಕ್ಕೆ ಬೇಕಾದದ್ದು ಒಂದು ಬಿಸಿ547 (BC547) ಟ್ರಾನ್ಸಿಸ್ಟರ್, ಒಂದು 1 ಕಿಲೋಓಮ್, ಒಂದು 10 ಕಿಲೋಓಮ್ ರೆಸಿಸ್ಟರ್, ಅಷ್ಟೆ. ಎಸ್‌ಎಸ್‌ಆರ್‌ನ ಪ್ಲಸ್ ಅನ್ನು 5 ವೋಲ್ಟಿಗೆ, ಮೈನಸ್ ಅನ್ನು ಕಲೆಕ್ಟರಿಗೆ ಕೊಡಿ. ಎಮಿಟರ್ ಗ್ರೌಂಡಿಗೆ. ಪಿನ್‌ನಿಂದ ಬೇಸ್‌ಗೆ 1 ಕಿಲೋಓಮ್, ಬೇಸ್‌ನಿಂದ ಗ್ರೌಂಡಿಗೆ 10 ಕಿಲೋಓಮ್. 5 ವೋಲ್ಟ್ ಬೇರೆ ಅಡಾಪ್ಟರಿನಿಂದ ಬರುತ್ತಿದ್ದರೆ ಎರಡರ ಗ್ರೌಂಡನ್ನೂ ಸೇರಿಸಬೇಕು. ಬೇಸ್‌ಗೆ ಸುಮಾರು 2.5 ಮಿಲಿಆಂಪ್ ಹೋಗುತ್ತದೆ, ಇಷ್ಟು ಸಾಕು. ಸಾಮಾನ್ಯ ರಿಲೇಯಲ್ಲಿರುವಂತೆ ಎಸ್‌ಎಸ್‌ಆರ್‌ನಲ್ಲಿ ಕಾಯಿಲ್ ಇಲ್ಲವಾದ್ದರಿಂದ ಡಯೋಡ್ ಬೇಡ. ಆನ್ ಮಾಡಿ ಕಂಟ್ರೋಲ್ ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿದರೆ 4.5 ವೋಲ್ಟಿಗಿಂತ ಹೆಚ್ಚು ತೋರಿಸಬೇಕು. ಕಡಿಮೆ ಬಂದರೆ ಟ್ರಾನ್ಸಿಸ್ಟರಿನ ಕಾಲು ಅದಲುಬದಲಾಗಿದೆಯೇ ನೋಡಿ: ಚಪ್ಪಟೆ ಮುಖ ನಮ್ಮ ಕಡೆ ಇದ್ದರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬಿಸಿ547 ಬದಲಿಗೆ 2ಎನ್7000 ಎಂಬ ಮಾಸ್ಫೆಟ್ (ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಹಾಕುವವರಿದ್ದಾರೆ. ಅದರ ಗೇಟ್ ತೆರೆಯಲು ಕೆಲವು ಸಲ 3 ವೋಲ್ಟೇ ಬೇಕಾಗುವುದರಿಂದ ಬಂದ ದಾರಿಗೇ ಮತ್ತೆ ಬಂದಂತೆ.

ಪಿನ್ ಆರಿಸುವಾಗ 25, 26, 27 ಒಳ್ಳೆಯವು. 0, 2, 12, 15 ಬೂಟ್ ಆಗುವಾಗ ಬೋರ್ಡಿಗೇ ಬೇಕು; 34ರಿಂದ 39ರವರೆಗಿನವು ಔಟ್‌ಪುಟ್ ಕೊಡುವುದೇ ಇಲ್ಲ. ಬೋರ್ಡ್ ರೀಸೆಟ್ ಆಗುವ ಗಳಿಗೆಯಲ್ಲಿ ಹೀಟರ್ ತಾನಾಗಿ ಆನ್ ಆಗದಿರಲೆಂದೇ ಆ 10 ಕಿಲೋಓಮ್. ಅದನ್ನು ಕೈಬಿಡಬೇಡಿ.

ಸಾಮಾನ್ಯ ಎಸಿ ಎಸ್‌ಎಸ್‌ಆರ್ ವೋಲ್ಟೇಜ್ ಸೊನ್ನೆ ದಾಟುವಾಗಲೇ ಆನ್ ಆಗುತ್ತದೆ. 50 ಹರ್ಟ್ಸ್‌ನಲ್ಲಿ ಅದು 10 ಮಿಲಿಸೆಕೆಂಡಿಗೊಮ್ಮೆ. ಹಾಗಾಗಿ ವೇಗದ ಪಿಡಬ್ಲ್ಯುಎಂ (ಬೇಗ ಬೇಗ ಆನ್-ಆಫ್ ಮಾಡಿ ಸರಾಸರಿ ಶಕ್ತಿ ಹೊಂದಿಸುವ ವಿಧಾನ) ಕೊಟ್ಟು ಪ್ರಯೋಜನವಿಲ್ಲ. 2 ಸೆಕೆಂಡಿನ ಅವಧಿ ಇಟ್ಟುಕೊಂಡು, 30 ಶೇಕಡ ಬೇಕಾದರೆ 600 ಮಿಲಿಸೆಕೆಂಡ್ ಆನ್ ಇಡಿ. ಡಿಸಿ ಹೊರೆಗೆ ಇದೇ ಎಸ್‌ಎಸ್‌ಆರ್ ಹಾಕಿದರೆ ಒಮ್ಮೆ ಆನ್ ಆದದ್ದು ಆಫ್ ಆಗುವುದಿಲ್ಲ.

ಇನ್ನು ಬಿಸಿ. 230 ವೋಲ್ಟಿನಲ್ಲಿ 1500 ವ್ಯಾಟ್ ಹೀಟರ್ ಎಂದರೆ 6.5 ಆಂಪ್. ಎಸ್‌ಎಸ್‌ಆರ್ ಒಳಗೆ 1.2ರಿಂದ 1.5 ವೋಲ್ಟ್ ಬೀಳುತ್ತದೆ, ಅಂದರೆ 8ರಿಂದ 10 ವ್ಯಾಟ್ ಶಾಖ. ‘25 ಆಂಪ್’ ಎಂದು ಬರೆದಿದ್ದರೂ ಅಲ್ಯೂಮಿನಿಯಂ ಹೀಟ್‌ಸಿಂಕ್, ತೆಳ್ಳಗೆ ಥರ್ಮಲ್ ಪೇಸ್ಟ್ ಬೇಕೇ ಬೇಕು. ಹೀಟ್‌ಸಿಂಕಿಗೆ ಅರ್ತ್ ಕೊಡಿ. ಅಗ್ಗದ ನಕಲಿ ಮಾಲಿನಲ್ಲಿ ಮೇಲೆ ಬರೆದ ಆಂಪಿಗೂ ಒಳಗೆ ಕರೆಂಟ್ ಹಾಯಿಸುವ ಟ್ರಯಾಕಿಗೂ ಸಂಬಂಧವಿರುವುದಿಲ್ಲ; ಬರೆದದ್ದರ ಮೂರನೇ ಒಂದು ಪಾಲು ಮಾತ್ರ ನಂಬಿ.

ಎಸ್‌ಎಸ್‌ಆರ್ ಅನ್ನು ಫೇಸ್ ತಂತಿಯಲ್ಲೇ ಹಾಕಿ. ಆಫ್ ಇದ್ದಾಗಲೂ ಅದರ ಮೂಲಕ ಒಂದಿಷ್ಟು ಮಿಲಿಆಂಪ್ ಸೋರುತ್ತದೆ, ಎಲ್‌ಇಡಿ ಬಲ್ಬ್ ಮಿಣುಕುವುದು ಅದಕ್ಕೇ. ಆದ್ದರಿಂದ ಎಂಸಿಬಿ ಇಳಿಸದೆ ಹೀಟರ್ ತಂತಿ ಮುಟ್ಟಬೇಡಿ. ಕೆಟ್ಟಾಗ ಎಸ್‌ಎಸ್‌ಆರ್ ಹೆಚ್ಚಾಗಿ ಶಾರ್ಟ್ ಆಗಿ, ಆನ್ ಸ್ಥಿತಿಯಲ್ಲೇ ನಿಲ್ಲುತ್ತದೆ. ಆಗ ಪ್ರೋಗ್ರಾಂ ಏನು ಹೇಳಿದರೂ ಹೀಟರ್ ಕೇಳುವುದಿಲ್ಲ. ಹೀಟರಿನ ಮೈಗೆ ತಾಗಿದಂತೆ, ಅದೇ ಫೇಸ್ ತಂತಿಯಲ್ಲಿ, ಹೀಟರಿನ ಆಂಪ್ ತಾಳುವ ಥರ್ಮಲ್ ಫ್ಯೂಸ್ (ಮಿತಿ ಮೀರಿ ಬಿಸಿಯಾದರೆ ತಾನೇ ಕಡಿದುಹೋಗುವ ಫ್ಯೂಸ್) ಹಾಕಿ. ಬೆಸುಗೆ ಹಾಕಿದರೆ ಆ ಬಿಸಿಗೇ ಅದು ಹೋಗಿಬಿಡುತ್ತದೆ, ಕ್ರಿಂಪ್ ಮಾಡಿ ಜೋಡಿಸಿ.